ಒಂದು ವಾಕ್ಯಕ್ಕೆ ಮುಗಿಯದ ಟೆಸ್ಸಾ ವೋರ್ಲೆ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾಪುಟದ ಲೇಖನವೊಂದು ಫ್ರಾನ್ಸಿನ ಸ್ಕೀಯಿಂಗ್ ಪಟು ಟೆಸ್ಸಾ ವೋರ್ಲೆ ಅವರನ್ನು ಒಲಿಂಪಿಕ್ಸ್‌ನಿಂದ ಬರಿಗೈಯಲ್ಲಿ ಮರಳಿದವರ ಸಾಲಿಗೆ ಸೇರಿಸಿ, ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ಮಂಡಿಗೆ ಪೆಟ್ಟಾದವರಿಗೆ ಮತ್ತೆ ನಡಿಗೆ ಕಲಿಸುವ ಫಿಸಿಯೊಥೆರಪಿಸ್ಟ್ ನಾನು. ಆ ವಾಕ್ಯ ಓದಿ ಸುಮ್ಮನಿರಲಾಗಲಿಲ್ಲ.

2013ರ ಫೆಬ್ರುವರಿಯಲ್ಲಿ ಆಸ್ಟ್ರಿಯದ ಶ್ಲಾಡ್ಮಿಂಗ್‌ನಲ್ಲಿ ವೋರ್ಲೆ ಜೈಂಟ್ ಸ್ಲಾಲಂನಲ್ಲಿ, ಅಂದರೆ ಹಿಮದ ಇಳಿಜಾರಿನಲ್ಲಿ ನೆಟ್ಟ ಗೇಟುಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆಯಲ್ಲಿ, ವಿಶ್ವ ಚಾಂಪಿಯನ್ ಆದರು. ಎರಡನೆಯವರಾದ ಸ್ಲೊವೇನಿಯಾದ ಟೀನಾ ಮಾಜೆ ಸಾಮಾನ್ಯರಲ್ಲ, ಅದೇ ಋತುವಿನಲ್ಲಿ, ಇಡೀ ಚಳಿಗಾಲ ನಡೆಯುವ ವಿಶ್ವಕಪ್ ಸರಣಿಯಲ್ಲಿ 2,414 ಅಂಕಗಳ ದಾಖಲೆ ಬರೆದವರು. ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಬೆಲೆಯಿರುವ ಆಟದಲ್ಲಿ ಅವರನ್ನು ವೋರ್ಲೆ ಒಂದು ಸೆಕೆಂಡಿಗೂ ಹೆಚ್ಚು ಅಂತರದಿಂದ ಸೋಲಿಸಿದರು! ಆ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಕುರ್ಶೆವೆಲ್‌ನ ಸ್ಪರ್ಧೆಯಲ್ಲಿ ಬಿದ್ದು, ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯಿತು. ಸೋಚಿ ಒಲಿಂಪಿಕ್ಸ್‌ಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಹರಿದ ಲಿಗಮೆಂಟಿನ ಜಾಗದಲ್ಲಿ ಶಸ್ತ್ರಚಿಕಿತ್ಸಕರು ಬೇರೆಯದನ್ನು ಕೂರಿಸುತ್ತಾರೆ, ನಿಜ. ಅಷ್ಟರಲ್ಲಿ ತೊಡೆಯ ಸ್ನಾಯು ಸೊರಗಿರುತ್ತದೆ. ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಸ್ನಾಯು ಬಲಿತರೂ ಮನಸ್ಸಿನ ಅಳುಕು ಹೋಗುವುದಿಲ್ಲ. ನನ್ನ ರೋಗಿಗಳಲ್ಲಿ ಎಷ್ಟೋ ಮಂದಿ ಮೆಟ್ಟಿಲಿಳಿಯುವಾಗ ಕಂಬಿ ಬಿಡುವುದೇ ಇಲ್ಲ. ವೋರ್ಲೆ ಮರಳಿದ್ದು ಮಂಜುಗಡ್ಡೆಯಂತೆ ಗಟ್ಟಿಯಾದ ಇಳಿಜಾರಿಗೆ. ಅಲ್ಲಿ ಪ್ರತಿ ತಿರುವಿನಲ್ಲೂ ಮೈಯನ್ನು ನೆಲದತ್ತ ವಾಲಿಸಿ, ಭಾರವನ್ನೆಲ್ಲ ಹೊರಗಿನ ಕಾಲಿನ ಮೇಲೆ ಹೊರಬೇಕು.

2017ರಲ್ಲಿ ಸೇಂಟ್ ಮೊರಿಟ್ಜ್‌ನಲ್ಲಿ ಅವರು ಮತ್ತೆ ವಿಶ್ವ ಚಾಂಪಿಯನ್. ಈ ಸಲ ಹಿಂದೆ ಬಿದ್ದವರು ಅಮೆರಿಕದ ಮಿಕೇಲಾ ಶಿಫ್ರಿನ್. ಅದೇ ಋತುವಿನ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ ಜೈಂಟ್ ಸ್ಲಾಲಂ ಸ್ಫಟಿಕ ಗೋಳವೂ ವೋರ್ಲೆ ಅವರದಾಯಿತು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದು ನಡೆದರೂ ಪದಕ ಒಲಿಯಲಿಲ್ಲ. ಮರು ತಿಂಗಳೇ, ತಾವು ಬಿದ್ದಿದ್ದ ಕುರ್ಶೆವೆಲ್‌ನ ಮಗ್ಗುಲಲ್ಲಿರುವ ಮೆರಿಬೆಲ್‌ನಲ್ಲಿ, ಎರಡನೇ ಗೋಳ ಗೆದ್ದರು. ಆಗ ಅವರಿಗೆ 32 ವರ್ಷ.

ಈ ಗೋಳ ಸಿಗುವುದು ಬೇರೆ ಬೇರೆ ಬೆಟ್ಟಗಳಲ್ಲಿ ಇಡೀ ಚಳಿಗಾಲ ಕೂಡಿಟ್ಟ ಅಂಕಗಳಿಗೆ. ಒಲಿಂಪಿಕ್ಸ್‌ನ ಜೈಂಟ್ ಸ್ಲಾಲಂ ನಾಲ್ಕು ವರ್ಷಕ್ಕೊಮ್ಮೆ, ಒಂದೇ ದಿನದ ಎರಡು ಓಟಗಳ ಲೆಕ್ಕ. ಅಂದು ಗೆದ್ದವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಒಂದು ದಿನವನ್ನೇ ಅಳತೆಗೋಲಾಗಿಸಿದ್ದು ಲೇಖಕರ ಸೋಮಾರಿತನ ಎಂದೇ ಹೇಳುತ್ತೇನೆ.

ವಿಶ್ವಕಪ್‌ನಲ್ಲಿ 16 ಸ್ಪರ್ಧೆ ಗೆದ್ದು, 2023ರ ಮಾರ್ಚ್‌ನಲ್ಲಿ ವೋರ್ಲೆ ನಿವೃತ್ತರಾದರು. ಇಂತಹ ಪಟ್ಟಿಯನ್ನು ಮತ್ತೆ ಪ್ರಕಟಿಸುವುದಾದರೆ ಪದಕಗಳ ಪಕ್ಕದಲ್ಲಿ ಗೋಳಗಳ ಲೆಕ್ಕವನ್ನೂ ಕೊಡಿ. ಗಾಯಗೊಂಡ ವರ್ಷವನ್ನೂ ನಮೂದಿಸಿದರೆ ಇನ್ನೂ ಒಳ್ಳೆಯದು.

– ಫಿಸಿಯೊಥೆರಪಿಸ್ಟ್ ಓದುಗರೊಬ್ಬರು