ಬೀಜದ ಜೊತೆ ಬ್ಯಾಕ್ಟೀರಿಯಾ ಪೊಟ್ಟಣವೂ ಸಿಗಲಿ

ಮಾನ್ಯರೇ,

ಮುಂಗಾರು ಶುರುವಾದರೆ ನಮ್ಮ ಚಿಂತಾಮಣಿ ಕಡೆ ರೈತರು ಯೂರಿಯಾ ಚೀಲಕ್ಕೆ ಅಲೆಯುತ್ತೇವೆ, ಆದರೆ ಪುಕ್ಕಟೆ ಸಾರಜನಕ ಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಮರೆತೇಬಿಟ್ಟಿದ್ದೇವೆ.

ಮೊನ್ನೆ ರಾಗಿ ಹೊಲದಲ್ಲಿ ಒಂದು ಅವರೆ ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಎಬ್ಬಿಸಿ, ಬೇರನ್ನು ನೀರಲ್ಲಿ ತೊಳೆದು ನೋಡಿದೆ. ಬೇರಿನ ತುಂಬಾ ಸಣ್ಣ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ. ಆ ಬಣ್ಣ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತಿವೆ ಎಂದರ್ಥ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಗಿಡಕ್ಕೆ ದಕ್ಕುವ ಹಾಗೆ ಅದನ್ನು ಮಾರ್ಪಡಿಸಿ ಕೊಡುವುದು ಈ ಜೀವಿಗಳೇ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆ ಅಂಶ ಕೊಡುತ್ತದೆ. ಎಂಥ ಚೆಂದದ ಕೊಡುಕೊಳ್ಳುವಿಕೆ ಅಲ್ವಾ!

ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದುದು ಸುಮ್ನೆ ಅಲ್ಲ. ಈಗ ಆ ಸಾಲುಗಳೂ ಕಡಿಮೆಯಾಗಿವೆ. ಮೇಲಾಗಿ, ಯೂರಿಯಾ ಜಾಸ್ತಿಯಾದರೆ ಬೇರಿನಲ್ಲಿ ಗಂಟು ಕಟ್ಟುವುದೇ ಕುಗ್ಗುತ್ತದೆ.

ಆದ್ದರಿಂದ ರೈತ ಸಂಪರ್ಕ ಕೇಂದ್ರಗಳಲ್ಲಿ ಅವರೆ, ತೊಗರಿ, ಕಡಲೆಕಾಯಿ ಬೀಜ ಕೊಡುವಾಗಲೇ ಆಯಾ ಬೆಳೆಗೆ ಹೊಂದುವ ರೈಜೋಬಿಯಂ ಪೊಟ್ಟಣವನ್ನೂ ಕೈಗಿಡಲಿ. ಇವು ಜೀವವಿರುವ ಸರಕು, ಬಿಸಿಲಿಗಿಟ್ಟರೆ ಸಾಯುತ್ತವೆ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತುವ ಕ್ರಮವನ್ನು ಬಿತ್ತನೆಗೆ ಮೊದಲೇ ಊರೂರಿನಲ್ಲಿ ಮಾಡಿ ತೋರಿಸಲಿ.

— ಒಬ್ಬ ರೈತ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ