ಸರ್ವೆ ವರದಿ ಪಂಚಾಯತಿಗೂ ಬರಲಿ

ಸಂಪಾದಕರಿಗೆ ನಮಸ್ಕಾರ.

ಮಗಳು ಡಿಗ್ರಿಗೆ ಸಮಾಜಶಾಸ್ತ್ರ ಮೇಜರ್ ತೆಗೆದುಕೊಂಡಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು: 'ಬಿ.ಕಾಂ. ಸಿಗ್ಲಿಲ್ವಾ?' ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಅಷ್ಟು ವರ್ಷ ಇದನ್ನು ಓದಿ ಏನು ಮಾಡ್ತಾಳೆ ಎಂಬ ಚಿಂತೆ ನನಗಿಂತ ಅವರಿಗೇ ಜಾಸ್ತಿ. ಕೆಲಸದ ವಿಚಾರ ಹಾಗಿರಲಿ, ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಕಳೆದ ಸೆಮಿಸ್ಟರಿನಲ್ಲಿ ಗಲ್ಫಿಗೆ ಹೋದವರ ಮನೆಗಳ ಸರ್ವೆ ಮಾಡಲು ಹೇಳಿದ್ದರು. ಬೈಕಿನಲ್ಲಿ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಅಡಿಕೆ ಸುಲಿಸುವ ಕೆಲಸ ಬಿಟ್ಟು ಹೋದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಗೊತ್ತಲ್ಲ, ಈ ಮನೆಯಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಗುಡ್ಡ ಹತ್ತಿದರೆ ಮರಾಟಿ. ಕಾಲೇಜು ಕೊಟ್ಟ ಫಾರಂ ಇಂಗ್ಲಿಷಿನದ್ದು. ಅದರಲ್ಲಿ 'ಮನೆಯ ಯಜಮಾನ' ಅಂತ ಒಂದು ಕಾಲಂ. ಬೀಡಿ ಕಟ್ಟುವ ಸೂಪು (ಮೊರ) ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸು ಕೈ ನಿಲ್ಲಿಸದೆಯೇ ಹೇಳಿದರು: 'ರೇಷನ್ ಕಾರ್ಡ್ ಅತ್ತೆ ಹೆಸರಲ್ಲಿ. ದುಡ್ಡು ಬರೋದು ಶಾರ್ಜಾದಿಂದ. ಮಕ್ಕಳ ಫೀಸು, ಬ್ಯಾಂಕು, ಆಸ್ಪತ್ರೆ ಎಲ್ಲ ನಾನೇ. ಯಾರ ಹೆಸರು ಬೇಕೋ ನೀನೇ ಬರಿ.' ಮಗಳು ಕಾಲಂ ಖಾಲಿ ಬಿಟ್ಟು, ಫಾರಮಿನ ಹಿಂಬದಿ ಪೂರ್ತಿ ಬರೆದಳು.

ಅಷ್ಟೆಲ್ಲ ಬರೆದ ವರದಿ ಈಗ ಎಲ್ಲಿದೆ? ಕಾಲೇಜಿನ ಕಪಾಟಿನಲ್ಲಿ. ಮಾರ್ಕು ಬಂತು, ಮುಗೀತು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯಲ್ಲಿ ಕೂತು ಮಾಡಿಕೊಂಡ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿದವಂತೆ. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ನಮ್ಮ ಮಕ್ಕಳದ್ದು ಸುಡದೇ ಇದ್ದರೂ ಯಾರಿಗೂ ಸಿಗುವುದಿಲ್ಲ!

ಮನೆ ಮನೆಯ ಲೆಕ್ಕ ಎಂದರೇನು ಅಂತ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳಿಗೆ 2000ರವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಪಡ್ರೆಯ ಡಾ. ವೈ.ಎಸ್. ಮೋಹನ್ ಕುಮಾರ್ 'ಈ ಮನೆಗಳಲ್ಲೇ ಯಾಕೆ ಇಷ್ಟು ಕಾಯಿಲೆ' ಎಂದು ಕೇಳತೊಡಗಿದ್ದು ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿಯೇ. ಅಧ್ಯಯನಕ್ಕೆ ದೊಡ್ಡ ತಂಡಗಳು ಬಂದದ್ದು ಆಮೇಲೆ.

ಊರಿನ ಯೋಜನೆಯನ್ನು ಊರವರೇ ಸೇರಿ ಮಾಡುವ ಕೇರಳದ 1996ರ ಜನಕೀಯ ಯೋಜನೆಯ ನಂತರ ವರ್ಷ ವರ್ಷ ಗ್ರಾಮಸಭೆಯಲ್ಲಿ ಚರ್ಚೆಯಾಗಿಯೇ ಪಂಚಾಯತಿನ ಯೋಜನೆ ತಯಾರಾಗಬೇಕು. ನಾನು ಹೋದ ಸಭೆಗಳಲ್ಲಿ ಮಾತೆಲ್ಲ ರಸ್ತೆ ಮತ್ತು ದಾರಿದೀಪದ್ದೇ. ಒಂಟಿಯಾಗಿರುವ ವಯಸ್ಸಾದವರು ಎಷ್ಟು, ಕೊರಗ ಬುಡಕಟ್ಟಿನವರ ಕಾಲೊನಿಯ ಮಕ್ಕಳು ಶಾಲೆ ಬಿಡುವುದು ಯಾವ ಕ್ಲಾಸಿನಲ್ಲಿ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಅದನ್ನೇ ಹುಡುಕುವ ಹುಡುಗ ಹುಡುಗಿಯರು ನಮ್ಮ ಬಸ್ಸಿನಲ್ಲೇ ದಿನಾ ಕಾಲೇಜಿಗೆ ಹೋಗುತ್ತಾರೆ, ಅಲ್ವಾ?

ಜಿಲ್ಲೆಯ ಕಾಲೇಜುಗಳಿಗೆ ನನ್ನ ವಿನಂತಿ ಇಷ್ಟೇ. ಪ್ರತಿ ಸರ್ವೆಯ ಸಾರವನ್ನು ನಾಲ್ಕು ಪುಟದಲ್ಲಿ, ಮನೆಯವರ ಹೆಸರು ತೆಗೆದು, ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ. ಒಂದು ಪ್ರತಿ ಪಂಚಾಯತಿಗೆ, ಒಂದು ಊರಿನ ಗ್ರಂಥಾಲಯಕ್ಕೆ ಕೊಡಿ. ಯೋಜನೆಯ ಗ್ರಾಮಸಭೆಗೆ ಮೊದಲೇ ಕೊಟ್ಟರೆ ಒಳ್ಳೆಯದು. ಓದಿ ಹೇಳಲು ಆ ಮಕ್ಕಳನ್ನೇ ಕರೆದರಾಯಿತು.

– ಒಬ್ಬ ಅಡಿಕೆ ಕೃಷಿಕ, ಬದಿಯಡ್ಕ