ಉಬುಂಟುಗೆ ಡಿಸ್ಕ್ ಕಾಣದಿದ್ದರೆ ವಿಂಡೋಸ್ ಅಳಿಸಬೇಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳು ಅದರ ಪಕ್ಕದಲ್ಲೇ ಉಚಿತ ಆಪರೇಟಿಂಗ್ ಸಿಸ್ಟಂ ಆದ ಉಬುಂಟು ಹಾಕಲು ಹೊರಟಾಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣುವುದಿಲ್ಲ. ಹೆಚ್ಚಾಗಿ ಡಿಸ್ಕ್ ಕೆಟ್ಟಿರುವುದಿಲ್ಲ, ಬಯೋಸ್‌ನಲ್ಲಿ (ಯಂತ್ರ ಆನ್ ಆದೊಡನೆ ತೆರೆಯಬಹುದಾದ ಮೂಲ ಸೆಟ್ಟಿಂಗ್) ಡಿಸ್ಕ್ ನಿಯಂತ್ರಿಸುವ ಸ್ಟೋರೇಜ್ ಕಂಟ್ರೋಲರ್ 'ರೇಡ್' (ಹಲವು ಡಿಸ್ಕ್ ಒಂದಾಗಿ ಬಳಸುವ ವಿಧಾನ) ಅಥವಾ ಅಂಥದ್ದೇ ಇಂಟೆಲ್ 'ಆರ್‌ಎಸ್‌ಟಿ'ಯಲ್ಲಿರುತ್ತದೆ. ಅದನ್ನು ಡಿಸ್ಕ್ ಜತೆ ವ್ಯವಹರಿಸುವ ಸಾಮಾನ್ಯ ವಿಧಾನವಾದ 'ಎಎಚ್‌ಸಿಐ'ಗೆ ಬದಲಿಸಬೇಕು.

ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಏಕೆಂದರೆ ಎಎಚ್‌ಸಿಐ ಚಾಲಕ ತಂತ್ರಾಂಶ ಬೂಟ್ ವೇಳೆ (ಯಂತ್ರ ಶುರುವಾಗುವಾಗ) ಎದ್ದಿರುವುದಿಲ್ಲ. ಆಗ ಗಾಬರಿಯಿಂದ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿ ಫೋಟೊ, ಪ್ರಾಜೆಕ್ಟ್ ಎಲ್ಲ ಕಳೆದುಕೊಳ್ಳುವುದು ನಿಜಕ್ಕೂ ಅನ್ಯಾಯ. ಸೆಟ್ಟಿಂಗ್ ಹಿಂದಿರುಗಿಸಿದರೆ ಸಾಮಾನ್ಯವಾಗಿ ವಿಂಡೋಸ್ ಮತ್ತೆ ಏಳುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಬ್ಯಾಕಪ್. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ವಿಂಡೋಸ್‌ನ ಸೆಟ್ಟಿಂಗ್ ಸಾಧನ 'ಎಂಎಸ್‌ಕಾನ್ಫಿಗ್' (msconfig) ತೆರೆದು, ಬೂಟ್ ವಿಭಾಗದಲ್ಲಿ 'ಸೇಫ್ ಬೂಟ್–ಮಿನಿಮಲ್' ಗುರುತು ಹಾಕಿ. ರೀಸ್ಟಾರ್ಟ್ ಆಗುವಾಗಲೇ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಇಂಟೆಲ್ 11ನೇ ತಲೆಮಾರಿನಿಂದೀಚೆಗೆ ಹಲವು ಯಂತ್ರಗಳಲ್ಲಿ ಬಯೋಸ್‌ನಲ್ಲೇ ಇರುವ ಇಂಟೆಲ್‌ನ ಡಿಸ್ಕ್ ನಿಯಂತ್ರಣ ಆಯ್ಕೆ 'ವಿಎಂಡಿ' ಆಫ್ ಮಾಡಬೇಕಾಗುತ್ತದೆ. ಆಗ ತೆರೆಯುವ ಸೇಫ್ ಮೋಡ್‌ನಲ್ಲಿ (ಅಗತ್ಯ ಭಾಗಗಳಷ್ಟೇ ನಡೆಯುವ ಸ್ಥಿತಿ) ವಿಂಡೋಸ್ ಹೊಸ ಚಾಲಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಅಲ್ಲಿ ಪಿನ್ ನಡೆಯದಿರಬಹುದು, ಪಾಸ್‌ವರ್ಡ್ ನೆನಪಿರಲಿ. ನಂತರ ಆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ.

ಎರಡು ಡಿಸ್ಕ್ ಸೇರಿಸಿ ನಿಜವಾದ ರೇಡ್ ಮಾಡಿದ್ದರೆ ಇದಕ್ಕೆ ಕೈಹಾಕಲೇಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ; ಉಬುಂಟುಗೆ ಜಾಗ ಮಾಡಲು ವಿಂಡೋಸ್ ಪಾರ್ಟಿಷನ್ (ಡಿಸ್ಕ್‌ನ ಭಾಗ) ಕುಗ್ಗಿಸುವ ಮುನ್ನ ಬ್ಯಾಟರಿ ಪೂರ್ತಿ ತುಂಬಿರಲಿ.

— ಕಂಪ್ಯೂಟರ್ ದುರಸ್ತಿ ವೃತ್ತಿಯವರು, ಶಿವಮೊಗ್ಗ